ಶುದ್ಧ ವನಸ್ಪತಿ ಎಂದು ಬರೆದಿದ್ದ ಡಬ್ಬಿ

ಆ ಡಬ್ಬಿಯ ಮೇಲಿನ ಚೀಟಿಯನ್ನು ಓದಿ ಹೇಳಿದವನು ನಾನೇ. ಒಮ್ಮೆಯಲ್ಲ, ಮೂರು ಸಲ ಓದಿದೆ. ಅದೂ ತರಗತಿಯಲ್ಲಿ ಪಾಠ ಓದುವ ಗತ್ತಿನಲ್ಲಿ. ನೆನೆಸಿಕೊಂಡಾಗಲೆಲ್ಲ ಇವತ್ತಿಗೂ ಮೈ ಉರಿಯುತ್ತದೆ. ಬರೆದವನ ಮೇಲೆ ಉರಿಯುತ್ತದೆ, ಮಾರಿದವನ ಮೇಲೆ ಉರಿಯುತ್ತದೆ, ಓದಿದ ನನ್ನ ನಾಲಿಗೆಯ ಮೇಲಂತೂ ಕೇಳಲೇಬೇಡಿ.

ಆಗ ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ನರೋಣಾದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಮನೆ ಸರಸಂಬಾದಲ್ಲಿ. ದಿನಾ ಆಳಂದದಲ್ಲಿ ಬಸ್ಸು ಬದಲಿಸಿ ಹೋಗಿ ಬರುವುದು. ಮನೆಯಲ್ಲಿ ನಾನು, ನನ್ನ ಹೆಂಡತಿ, ನನ್ನನ್ನು ಸಾಕಿದ ದೊಡ್ಡವ್ವ ಮತ್ತು ದೊಡ್ಡವ್ವನ ನಾಯಿ. ‘ನಮ್ಮ ನಾಯಿ’ ಎಂದು ಯಾರೂ ಅನ್ನುವ ಹಾಗಿರಲಿಲ್ಲ. ಅವಳ ತವರು ಅಫಜಲಪುರ ತಾಲೂಕಿನ ಕರಜಗಿ. ಒಂದು ಸಲ ಅಲ್ಲಿಂದ ಬರುವಾಗ ಸೆರಗಿನಲ್ಲಿ ಸುತ್ತಿಕೊಂಡು ತಂದ ಮರಿ ಅದು. ಬೇಟೆ ನಾಯಿಯ ತಳಿ. ಉದ್ದ ಕಾಲು, ಸಣ್ಣ ನಡ, ಚೂಪು ಮೂತಿ. ನಮ್ಮದು ಲಿಂಗವಂತರ ಮನೆ, ಹಾಗಾಗಿ ಬೇಟೆ ನಾಯಿಗೂ ಜೋಳದ ರೊಟ್ಟಿ, ಮಜ್ಜಿಗೆ, ಹಬ್ಬ ಬಂದರೆ ಹೋಳಿಗೆ. ಮೊಲ ಕಂಡರೆ ಅಟ್ಟಿಸಿಕೊಂಡು ಹೋಗುತ್ತಿತ್ತು, ಹಿಡಿದ ಮೇಲೆ ಏನು ಮಾಡಬೇಕೆಂದು ಗೊತ್ತಾಗದೆ ಬಿಟ್ಟು ಬರುತ್ತಿತ್ತು.

ಒಂಬತ್ತನೆಯ ವರ್ಷಕ್ಕೆ ಅದರ ಹಿಂಗಾಲು ಹಿಡಿದುಕೊಂಡವು. ಮುಂಜಾನೆ ಏಳುವಾಗ ಮೊದಲು ಮುಂಗಾಲು ಊರಿ, ಹಿಂದಿನದನ್ನು ಎಳೆದುಕೊಂಡು, ಒಂದು ಕ್ಷಣ ನಡುಗಿ ನಿಲ್ಲುತ್ತಿತ್ತು. ದೊಡ್ಡವ್ವನಿಗೂ ಅದೇ ಸಮಯಕ್ಕೆ ಮೊಣಕಾಲು ನೋವು. ಇಬ್ಬರೂ ಕಟ್ಟೆಯ ಮೇಲೆ ಎಳೆ ಬಿಸಿಲಿಗೆ ಕೂತಿರುತ್ತಿದ್ದರು. ಏಳುವಾಗ ಅವಳು ‘ಯವ್ವಾ’ ಅಂದರೆ ಅದು ‘ಕುಂಯ್’ ಅನ್ನುತ್ತಿತ್ತು.

“ಲೇ, ನನಗ ಅಣಕಸ್ತೀಯೇನು?” ಎಂದು ಅವಳು ಅದರ ಕಿವಿ ಹಿಂಡುತ್ತಿದ್ದಳು.

ಆದರೆ ಕಣ್ಣಲ್ಲಿ ನೀರು ಇರುತ್ತಿತ್ತು. ತನ್ನ ನೋವು ಹೇಗೋ ನುಂಗಿಕೊಳ್ಳುತ್ತಿದ್ದಳು, ಅದರದ್ದು ಅವಳಿಗೆ ನೋಡಲಾಗುತ್ತಿರಲಿಲ್ಲ. ಮಕ್ಕಳಿಲ್ಲದ ಅವಳಿಗೆ ಮೊದಲು ನಾನು, ನನ್ನ ಮದುವೆಯಾದ ಮೇಲೆ ಆ ನಾಯಿ. ಇದನ್ನು ಅವಳೇ ನನ್ನ ಹೆಂಡತಿಯ ಮುಂದೆ ಹೇಳಿ ನಗುತ್ತಿದ್ದಳು.

ಆಳಂದದ ದನದ ದವಾಖಾನೆಗೆ ಕರೆದುಕೊಂಡು ಹೋದೆವು. ಡಾಕ್ಟರು ಹರೆಯದವರು, ಒಳ್ಳೆಯವರು. ಸೊಂಟ ಒತ್ತಿ ನೋಡಿ, “ಕೀಲು ಸವದಾವರಿ. ವಯಸ್ಸಾಗ್ಯದ. ಬಿಸಿ ಶಾಖ ಕೊಡ್ರಿ, ಭಾಳ ಓಡಸಬ್ಯಾಡ್ರಿ. ಮತ್ತ ದಿನಾ ಒಂದೀಟು ಎಲುಬಿನ ರಸ ಕುಡಸ್ರಿ,” ಎಂದರು.

ದೊಡ್ಡವ್ವ ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡಳು. ಅದು ಜಗಳದ ಮುನ್ಸೂಚನೆ.

“ಏನಂದಿ ಡಾಕ್ಟರಪ್ಪಾ? ಎಲುಬಿನ ರಸಾ? ಹುಟ್ಟಿದಾಗಿಂದ ರೊಟ್ಟಿ ಮಜ್ಜಗಿ ಉಂಡ ಜೀವ ಇದು. ಮುಪ್ಪಿನಾಗ ಇದಕ್ಕ ದೀಕ್ಷಾ ಕೆಡಸ್ತೀಯೇನು?”

ಡಾಕ್ಟರು ನಕ್ಕರು. ನಾನೂ ನಕ್ಕೆ. ನಗಬಾರದಿತ್ತು. ಆ ಮನುಷ್ಯ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ವಯಸ್ಸಾಗಿದೆ ಎಂದಿದ್ದರು, ಅಷ್ಟೇ. ನಮಗೆ ಬೇಕಾಗಿದ್ದು ಬೇರೆ ಮಾತು, ಮತ್ತು ಅದನ್ನು ಮಾರುವ ಅಂಗಡಿ ಬಸ್‌ಸ್ಟ್ಯಾಂಡಿನ ದಾರಿಯಲ್ಲೇ ಇತ್ತು.

ಹಿಂಡಿ, ಬೀಜ, ದನದ ಔಷಧಿ ಮಾರುವ ಅಂಗಡಿ ಅದು. ಮಾಲೀಕ ನಾಯಿಯ ನಡಿಗೆ ನೋಡಿಯೇ ಒಳಗಿನಿಂದ ಡಬ್ಬಿ ತಂದಿಟ್ಟ. ಹಸಿರು ಬಣ್ಣದ ಡಬ್ಬಿ, ಮೇಲೆ ಜಿಗಿಯುತ್ತಿರುವ ನಾಯಿಯ ಚಿತ್ರ.

“ಹೊಸಾ ಮಾಲ್ ಬಂದದರಿ ಮಾಸ್ತರ. ಎಲುಬಿಲ್ಲ ಗಿಲುಬಿಲ್ಲ. ಬರೀ ಗಿಡಮೂಲಿಕಿ. ನೀವ ಓದ್ರಿ, ಶಾಣ್ಯಾರಿದ್ದೀರಿ.”

ಶಾಣ್ಯಾ ಅಂದ ಕೂಡಲೆ ಉಬ್ಬಿದೆ. ಓದಿದೆ. ಶುದ್ಧ ವನಸ್ಪತಿಗಳಿಂದ ತಯಾರಾದದ್ದು. ಅಶ್ವಗಂಧ, ಗುಗ್ಗುಳ, ಶುಂಠಿ, ಅರಿಷಿಣ. ಸವೆದ ಕೀಲುಗಳಿಗೆ ಮರುಜೀವ. ಅಡ್ಡ ಪರಿಣಾಮವಿಲ್ಲ. ಎಷ್ಟು ದಿನ ಬೇಕಾದರೂ ಕೊಡಬಹುದು.

“ಇನ್ನೊಮ್ಮೆ ಓದು ತಮ್ಮಾ,” ಎಂದಳು ದೊಡ್ಡವ್ವ. ಓದಿದೆ. ಬಸ್ಸಿನಲ್ಲಿ ಕೂತ ಮೇಲೆ ಮತ್ತೊಮ್ಮೆ ಓದಿಸಿದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. “ಅಚ್ಚು ಹಾಕ್ಯಾರ ಅಂದ್ಮ್ಯಾಲ ಖರೇನ ಇರ್ತದ,” ಎಂದು ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಅಚ್ಚು ಹಾಕುವವರಲ್ಲಿ ಎಂಥೆಂಥ ಹರಾಮಖೋರರು ಇರುತ್ತಾರೆಂದು ವಿಜ್ಞಾನ ಕಲಿಸುವ ನನಗೇ ಗೊತ್ತಿರಲಿಲ್ಲ, ಅವಳಿಗೆ ಹೇಗೆ ಗೊತ್ತಿರಬೇಕು?

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಎತ್ತಿಗಾಗಲಿ, ಆಕಳಿಗಾಗಲಿ, ನಾಯಿಗಾಗಲಿ ಹೊಸ ಔಷಧಿ ಕೊಡುವ ಮೊದಲು ಮನೆಯವರು ಯಾರಾದರೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನೋಡಬೇಕು. ದೊಡ್ಡಪ್ಪ ಇದ್ದಾಗ ಅವನು ಹಾಕಿಕೊಳ್ಳುತ್ತಿದ್ದ. ಅವನು ಹೋದ ಮೇಲೆ ದೊಡ್ಡವ್ವ. “ಅದಕ್ಕ ಬ್ಯಾಡ ಅನ್ನಾಕ ಬಾಯಿಲ್ಲ. ನಮಗದ,” ಎನ್ನುವಳು. ಪಶುಗಳ ಔಷಧಿಯನ್ನು ಮನುಷ್ಯರು ತಿನ್ನಬಾರದೆಂದು ನಾನು ಸಾಲಿಯಲ್ಲಿ ಹೇಳುತ್ತಿದ್ದೆ, ಮನೆಯಲ್ಲಿ ಹೇಳುತ್ತಿರಲಿಲ್ಲ. ಅವಳ ಮುಂದೆ ನಾನು ಮಾಸ್ತರನಾಗಿದ್ದದ್ದು ಚೀಟಿ ಓದುವುದಕ್ಕೆ ಮಾತ್ರ.

ಒಂದು ಚಿಟಿಕೆ ಹಾಕಿಕೊಂಡಳು. ಸ್ವಲ್ಪ ಕಹಿ, ಸ್ವಲ್ಪ ಮಣ್ಣಿನ ರುಚಿ ಎಂದಳು. ಆಮೇಲೆ ನಾಯಿಗೆ ಮಜ್ಜಿಗೆಯಲ್ಲಿ ಕಲಸಿ ಕೊಟ್ಟಳು.

ಎಂಟೇ ದಿನ. ನಾಯಿ ಕಟ್ಟೆಯಿಂದ ಜಿಗಿಯಿತು. ನಾನು ಕಣ್ಣಾರೆ ಕಂಡೆ. ಸಂಜೆ ಬಸ್ಸು ಇಳಿದು ಬರುವಾಗ ಹಳ್ಳದ ದಾರಿಯವರೆಗೆ ಎದುರು ಓಡಿ ಬಂತು, ಎರಡು ವರ್ಷದಿಂದ ಬಂದಿರಲಿಲ್ಲ. ಮನೆಯ ಮುಂದೆ ದೊಡ್ಡವ್ವ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

“ನೋಡಿದೇನೋ ಮಾಸ್ತರಾ! ನಿನ್ನ ಡಾಕ್ಟರ ಎಲುಬು ಕುಡಸು ಅಂದಿದ್ದ!”

ಇನ್ನೂ ಕೆಲವು ದಿನ ಕಳೆದ ಮೇಲೆ ಅವಳು ನೆಲಕ್ಕೆ ಕೈ ಊರದೆ ಎದ್ದಳು. ನನ್ನ ಹೆಂಡತಿ ಬೆರಗಾಗಿ ಕೇಳಿದ್ದಕ್ಕೆ ನಗುತ್ತ ಒಪ್ಪಿಕೊಂಡಳು: ಚಿಟಿಕೆ ಈಗ ಚಮಚವಾಗಿತ್ತು. ಬೆಳಿಗ್ಗೆ ಪೂಜೆ ಮುಗಿಸಿ ನಾಯಿಗೊಂದು ಚಮಚ, ತನಗೊಂದು ಚಮಚ.

“ಗಿಡಮೂಲಿಕಿ ತಾನೇ? ನಾಯಿ ಕೀಲೇನು, ನನ್ನ ಕೀಲೇನು. ಇಬ್ಬರವೂ ಸವದಾವ.”

ನಾನೇನು ಮಾಡಿದೆ ಗೊತ್ತೇ? ನಕ್ಕೆ. ಆಳಂದಕ್ಕೆ ಹೋದಾಗ ಇನ್ನೊಂದು ಡಬ್ಬಿ ತಂದುಕೊಟ್ಟೆ.

ಅವಳು ಸುಮ್ಮನಿರುವ ಹೆಂಗಸಲ್ಲ. ನೀರಿಗೆ ಹೋದಲ್ಲಿ, ಗುಡಿಯಲ್ಲಿ, ಗಿರಣಿಯ ಮುಂದೆ, ಎಲ್ಲ ಕಡೆ ಡಬ್ಬಿಯ ಪುರಾಣ. ಹಿಂದೆ ನಾಯಿ ಓಡುತ್ತಿತ್ತು, ಮುಂದೆ ಅವಳು ನಡೆಯುತ್ತಿದ್ದಳು, ಇನ್ನೇನು ಬೇಕು ಜನರಿಗೆ? ಊರಲ್ಲಿ ಏಳೆಂಟು ಮನೆಗೆ ಹಸಿರು ಡಬ್ಬಿ ಬಂತು. ಕೆಲವರು ಕುಂಟುವ ಎತ್ತಿಗೆ ಹಾಕಿದರು, ಕೆಲವರು ನಾಯಿಗೆ. ಕೇಳಿದವರಿಗೆಲ್ಲ ನಾನೇ ಚೀಟಿ ಓದಿ ಹೇಳಿದೆ.

ಎರಡನೆಯ ಡಬ್ಬಿ ಮುಗಿಯುವ ಹೊತ್ತಿಗೆ ನಾಯಿ ರೊಟ್ಟಿ ಮೂಸಿ ಬಿಡತೊಡಗಿತು. ಬಿಸಿಲಿಗೆ ಅಜೀರ್ಣ ಎಂದುಕೊಂಡೆವು. ಆಮೇಲೆ ಅದರ ಹೊಲಸು ಟಾರಿನ ಹಾಗೆ ಕಪ್ಪಾಯಿತು. ಒಂದು ಬೆಳಿಗ್ಗೆ ವಾಂತಿ ಮಾಡಿಕೊಂಡಿತು, ಅದರಲ್ಲಿ ರಕ್ತ. ಟೆಂಪೊ ಮಾಡಿಕೊಂಡು ಆಳಂದಕ್ಕೆ ಓಡಿದೆವು. ದೊಡ್ಡವ್ವ ದಾರಿಯುದ್ದಕ್ಕೂ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳ ಮುಖ ಬಿಳಿಚಿಕೊಂಡಿತ್ತು. ದುಃಖಕ್ಕೆ ಹಾಗಾಗಿದೆ ಎಂದು ನಾನು ತಿಳಿದೆ.

ಡಾಕ್ಟರು ಅದರ ಒಸಡು ನೋಡಿದರು. ಕಾಗದದ ಹಾಗೆ ಬೆಳ್ಳಗಿತ್ತು.

“ನೋವಿನ ಗುಳಿಗಿ ಎಷ್ಟು ದಿನದಿಂದ ಕೊಡಾಕತ್ತೀರಿ?”

“ಗುಳಿಗಿ ಯಾವುದೂ ಕೊಟ್ಟಿಲ್ರಿ. ಬರೀ ಗಿಡಮೂಲಿಕಿ ಪುಡಿ,” ಎಂದು ನಾನು ಡಬ್ಬಿ ತೋರಿಸಿದೆ.

ಅವರು ಚೀಟಿ ಓದಿ ನನ್ನ ಮುಖ ನೋಡಿದರು. “ಹೊಟ್ಟ್ಯಾಗ ಹುಣ್ಣಾಗಿ ರಕ್ತ ಸೋರಾಕತ್ತದ್ರಿ. ಗಿಡಮೂಲಿಕಿಗೆ ಹಿಂಗ ಆಗಂಗಿಲ್ಲ. ಎಂಟ ದಿನದಾಗ ನಾಯಿ ಓಡ್ತು ಅಂದ್ರ ಇದರಾಗ ನೋವಿನ ಔಷಧಿ ಅರದು ಕಲಸ್ಯಾರ. ದಿನಾ, ತಿಂಗಳಾನುಗಟ್ಲೆ ಕೊಟ್ರ ಕರಳ ಸುಟ್ಟ ಹೋಗ್ತದ.”

ಸೂಜಿ ಹಾಕಿದರು. ಸಲಾಯಿನ್ ಹಚ್ಚಿದರು. ಮಧ್ಯಾಹ್ನದ ಊಟದ ಹೊತ್ತಿಗೆ ನಾಯಿ ದವಾಖಾನೆಯ ಬೇವಿನ ಗಿಡದ ಕೆಳಗೆ ಸತ್ತುಹೋಯಿತು. ದೊಡ್ಡವ್ವ ಅಳಲಿಲ್ಲ. ಬಹಳ ಹೊತ್ತು ಅದರ ಹಿಂಗಾಲು ನೀವುತ್ತ ಕೂತಿದ್ದಳು. ಆಮೇಲೆ ಡಾಕ್ಟರನ್ನು ಹತ್ತಿರ ಕರೆದಳು. ನಾನು ಅಲ್ಲಿಯೇ ನಿಂತಿದ್ದರೂ ನನ್ನತ್ತ ನೋಡದೆ, ನೆಲ ನೋಡುತ್ತ ಹೇಳಿದಳು:

“ಡಾಕ್ಟರಪ್ಪಾ, ನಂದೂ ಕಪ್ಪನ್ನ ಹೋಗಾಕತ್ತದ. ಆರು ದಿನಾತು. ಹ್ಯಾಂಗ ಹೇಳೂದು ಅಂತ ಸುಮ್ಮನಿದ್ದೆ.”

ಆ ಡಾಕ್ಟರು ತಮ್ಮ ಮೋಟಾರ್ ಸೈಕಲ್ಲನ್ನು ಅಲ್ಲಿಯೇ ಬಿಟ್ಟು, ಯಾರದೋ ಜೀಪು ಕೇಳಿ, ಅವಳನ್ನು ಹತ್ತಿಸಿದರು. ಗುಲ್ಬರ್ಗಾದ ದವಾಖಾನೆಯಲ್ಲಿ ಎರಡು ಬಾಟಲಿ ರಕ್ತ ಏರಿಸಿದರು. ಇನ್ನೆರಡು ದಿನ ತಡವಾಗಿದ್ದರೆ ಕೈಬಿಡಬೇಕಾಗುತ್ತಿತ್ತು ಎಂದರು ಅಲ್ಲಿನವರು. ನಾಯಿ ಮೊದಲು ಸತ್ತಿದ್ದಕ್ಕೆ ನನ್ನ ದೊಡ್ಡವ್ವ ಉಳಿದಳು. ಈ ವಾಕ್ಯವನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ.

ಅವಳು ಮಂಚದ ಮೇಲಿದ್ದ ದಿನಗಳಲ್ಲಿ ನನಗೆ ಹುಚ್ಚು ಹಿಡಿದಿತ್ತು. ಉಳಿದಿದ್ದ ಪುಡಿಯನ್ನು ಸಾಲಿಗೆ ಒಯ್ದೆ. ಪ್ರಯೋಗದ ಕೋಣೆಯಲ್ಲಿ ಆಮ್ಲ ಹನಿಸಿದರೆ ಬುಸುಬುಸು ನೊರೆ ಬಂತು. ಹೈಸ್ಕೂಲಿನ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ, ಖಡುವಿನ ಪುಡಿ! ನಾವು ಬೋರ್ಡಿನ ಮೇಲೆ ಬರೆಯುವ ಖಡು. ಮನೆಗೆ ಬಂದು ಎಲೆಯಡಿಕೆಯ ತಟ್ಟೆಯಿಂದ ಸುಣ್ಣ ತೆಗೆದು ಕಲಸಿದೆ. ಅರಿಷಿಣಕ್ಕೆ ಸುಣ್ಣ ಬಿದ್ದರೆ ಕೆಂಪಾಗಬೇಕು, ಇದು ಹಳದಿಯಾಗಿಯೇ ಉಳಿಯಿತು. ಅರಿಷಿಣವೂ ಇಲ್ಲ! ಅಡುಗೆ ಮನೆಯಲ್ಲಿ ಇರುವ ಅರಿಷಿಣವನ್ನಾದರೂ ಒಂದು ಹಿಡಿ ಹಾಕಲು ಅವರಿಗೆ ಮನಸ್ಸು ಬಂದಿರಲಿಲ್ಲ. ಬಟ್ಟೆಯ ಬಣ್ಣ ಹಾಕಿದ್ದರು. ಖರೆ ಇದ್ದದ್ದು ಅಂಗಡಿಯವನ ಒಂದೇ ಮಾತು, ಎಲುಬು ಇಲ್ಲ ಎಂಬುದು. ಎಲುಬಾದರೂ ಇದ್ದಿದ್ದರೆ ನಾಯಿ ಉಳಿಯುತ್ತಿತ್ತು.

ಚೀಟಿಯ ಕೆಳಗೆ ತಯಾರಿಸಿದವರ ವಿಳಾಸ ಜೇವರ್ಗಿಯದಿತ್ತು. ಒಂದು ದಿನ ರಜೆ ಹಾಕಿ ಹೋದೆ. ಕಾರ್ಖಾನೆ ಇರುತ್ತದೆ, ಕಾಲರ್ ಹಿಡಿಯಬೇಕು ಎಂದು ಬಸ್ಸಿನಲ್ಲಿ ಬೈಗುಳಗಳನ್ನು ಜೋಡಿಸಿಕೊಂಡೇ ಹೋದೆ. ಹುಡುಕಿ ನೋಡಿದರೆ ಅದು ಹಿಟ್ಟಿನ ಗಿರಣಿ. ಗಿರಣಿಯವನು ಮೈಯೆಲ್ಲ ಹಿಟ್ಟಾಗಿ, ಪಾಪ, ನನ್ನನ್ನು ಗಿರಾಕಿ ಎಂದುಕೊಂಡ.

“ಇಲ್ಲಿ ಏನೂ ತಯಾರ್ ಮಾಡಂಗಿಲ್ರಿ. ಅವರು ತಿಂಗಳಿಗೊಮ್ಮೆ ಬರ್ತಾರ, ಚೀಲ ತರ್ತಾರ, ಬೀಸಿಸ್ಕೊಂಡು ಹೋಗ್ತಾರ. ಬಿಳಿ ಮಣ್ಣು ಇರ್ತದ, ಒಣಾ ತಪ್ಪಲ ಇರ್ತದ. ಮತ್ತ ಒಂದು ಸಣ್ಣ ಚೀಲದಾಗ ಬಿಳಿ ಗುಳಿಗಿ.”

“ಗುಳಿಗಿ ಯಾಕಂತ ಕೇಳಲಿಲ್ಲೇನು?”

“ಕೇಳಿದ್ನಿರಿ. ಅದ ಇಲ್ಲಂದ್ರ ಗುಣಾ ಬರಂಗಿಲ್ಲ ಅಂದ್ರು.”

ಕಾಲರ್ ಹಿಡಿಯುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ. ಗಿರಣಿಯವನು ನನಗೆ ನೀರು ಕೊಟ್ಟ. ಜೋಡಿಸಿಕೊಂಡು ಹೋಗಿದ್ದ ಬೈಗುಳಗಳನ್ನೆಲ್ಲ ಹೊತ್ತುಕೊಂಡು ವಾಪಸ್ಸು ಆಳಂದದ ಅಂಗಡಿಗೆ ಬಂದೆ.

ಅಂಗಡಿಯವನು ಪೂರ್ತಿ ಕೇಳಿಸಿಕೊಂಡ. ಅಂಗಡಿಯಲ್ಲಿ ಐದಾರು ಜನರಿದ್ದರು. ಅವನು ಅವರ ಕಡೆ ನೋಡಿ ಹೇಳಿದ:

“ಮಾಸ್ತರ, ಡಬ್ಬಿ ಮ್ಯಾಲ ನಾಯಿ ಚಿತ್ರ ಅದ. ನಿಮ್ಮ ದೊಡ್ಡವ್ವ ಯಾಕ್ ತಿಂದ್ರು?”

ಎಲ್ಲರೂ ನಕ್ಕರು. ಇದಕ್ಕಿಂತ ಹೆಚ್ಚು ಇವತ್ತಿಗೂ ನನ್ನನ್ನು ಸುಡುವುದು ಇನ್ನೊಂದಿಲ್ಲ. ಖಡು ಬೀಸಿ ಡಬ್ಬಿಗೆ ತುಂಬಿದವನ ಮೇಲೆ ಯಾರೂ ನಗಲಿಲ್ಲ. ಅಚ್ಚು ಹಾಕಿದ ಮಾತನ್ನು ನಂಬಿದ ಮುದುಕಿಯ ಮೇಲೆ ನಕ್ಕರು. ನಾಯಿಗೆ ತಿನ್ನಿಸುವುದನ್ನು ಮೊದಲು ತಾನು ತಿಂದು ನೋಡುವ ಹೆಂಗಸು ಹುಚ್ಚಿಯಾದಳು, ತಾನು ಮೂಸಿಯೂ ನೋಡದ್ದನ್ನು ಮಾರುವವನು ಶಾಣ್ಯಾ ಆದ! ಕೌಂಟರಿನ ಮೇಲಿದ್ದ ಡಬ್ಬಿ ಎತ್ತಿ ಅವನ ಮುಂದಿಟ್ಟು, “ಒಂದ ಚಮಚಾ ತಿನ್ನು, ನಾ ಹೋಗ್ತೇನಿ,” ಎಂದೆ. ಅವನು ತಿನ್ನಲಿಲ್ಲ. ನಾನು ಹೋಗಲಿಲ್ಲ. ಕೊನೆಗೆ ಆ ಜನರೇ ನನ್ನನ್ನು ಹೊರಗೆ ಕರೆದುಕೊಂಡು ಬಂದರು.

ಅರ್ಜಿಗಳನ್ನೂ ಬರೆದೆ. ಔಷಧದ ಕಚೇರಿಯವರು ಇದು ಔಷಧವಲ್ಲ, ಪಶು ಆಹಾರ ಎಂದರು. ಆಹಾರದವರು ಇದು ಮನುಷ್ಯರ ಆಹಾರವಲ್ಲ ಎಂದರು. ಡಬ್ಬಿ ಮಾತ್ರ ಅಂಗಡಿಯಲ್ಲಿ ಆರಾಮಾಗಿ ಕೂತಿತ್ತು. ಇಷ್ಟೆಲ್ಲ ತಿರುಗಿದ ನನಗೆ, ನಾನೇ ಚೀಟಿ ಓದಿ ಹೇಳಿದ್ದ ನಮ್ಮೂರಿನ ಮನೆಗಳಿಗೆ ಹೋಗಿ ಹೇಳಬೇಕೆಂದು ಹೊಳೆಯಲೇ ಇಲ್ಲ.

ದೊಡ್ಡವ್ವ ಎದ್ದು ಓಡಾಡಲು ಒಂದೂವರೆ ತಿಂಗಳು ಹಿಡಿಯಿತು. ಓಡಾಡಲು ಎಂದೆನಲ್ಲ, ಅದೂ ಸುಳ್ಳೇ. ಮೊಣಕಾಲು ಮೊದಲಿಗಿಂತ ಹೆಚ್ಚು ಹಿಡಿದಿದ್ದವು. ಕೈಯಲ್ಲಿ ಬಡಿಗೆ ಬಂತು. ಎದ್ದು ನಿಂತವಳು ಮೊದಲು ಹೇಳಿದ್ದು, “ನಡಿ, ಮನಿ ಮನಿಗೆ ಹೋಗೂನು,” ಎಂದು.

“ಯಾಕ ದೊಡ್ಡವ್ವಾ? ನಾ ಹೋಗಿ ಹೇಳಿ ಬರ್ತೇನಿ.”

“ನೀ ಬರೀ ಓದಿದಿ. ಇದು ಖರೇ ಅದ ಅಂತ ಊರಿಗೆಲ್ಲ ಹೇಳಿದಾಕಿ ನಾ. ಆ ಸುಳ್ಳು ನಂದು. ನಾನೇ ಹೋಗಿ ತಕ್ಕೊಂಡು ಬರ್ಬೇಕು.”

ಆ ಸುಳ್ಳು ಅವಳದಾಗಿರಲಿಲ್ಲ. ಅದನ್ನು ಬರೆದವನು ಎಲ್ಲೋ ಫ್ಯಾನಿನ ಕೆಳಗೆ ಕೂತಿದ್ದ. ಆ ಬಿಸಿಲಿನಲ್ಲಿ, ಪ್ರತಿ ಮನೆಯ ಮೆಟ್ಟಿಲು ಹತ್ತುವಾಗ ‘ಯವ್ವಾ’ ಎಂದು ನಿಂತು, ಹಿಂದೆ ನಾಯಿ ಇಲ್ಲದೆ ನಡೆದವಳು ಅವಳು. ಪ್ರತಿ ಮನೆಯಲ್ಲಿ ಅದೇ ಮಾತು: “ನಾ ಹೇಳಿದ್ದು ಸುಳ್ಳಾತು. ಆ ಡಬ್ಬಿ ಒಗೀರಿ.” ಹೆಚ್ಚಿನವರು ತಂದು ಕೊಟ್ಟರು. ಒಬ್ಬಳು ಒಳಗೆ ಹೋಗಿ ನಕ್ಕಿದ್ದು ನಮಗೆ ಕೇಳಿಸಿತು. ದೊಡ್ಡವ್ವ ಕೇಳಿಸಿಕೊಳ್ಳದವಳ ಹಾಗೆ ಬಡಿಗೆ ಊರಿ ಮುಂದಿನ ಮನೆಗೆ ನಡೆದಳು.

ಕೊನೆಯದು ಊರಾಚೆಯ ತೋಟದ ಮನೆ. ಅಲ್ಲಿಯ ಯಜಮಾನ ದೊಡ್ಡವ್ವನಿಗಿಂತ ನಾಲ್ಕೈದು ವರ್ಷ ಚಿಕ್ಕವನು, ಅವಳನ್ನು ಅಕ್ಕ ಎಂದು ಕರೆಯುವವನು. ಅವನ ಮನೆಯಲ್ಲೂ ಒಂದು ಮುದಿ ನಾಯಿ. ಅವಳ ಮಾತು ಕೇಳಿ ಮೊದಲ ವಾರವೇ ಡಬ್ಬಿ ತಂದವನು. ಎದ್ದು ಬಂದು ಕೈ ಹಿಡಿದು ಅವಳನ್ನು ಕಟ್ಟೆಯ ಮೇಲೆ ಕೂಡಿಸಿದ. ಹೇಳಿದ್ದನ್ನೆಲ್ಲ ಕೇಳಿದ. ನಾನು ಖಡು, ಆಮ್ಲ, ಗಿರಣಿ ಎಲ್ಲ ವಿವರಿಸಿದೆ. ಅವನು ಮೀಸೆಯಲ್ಲೇ ನಕ್ಕ.

“ಅಕ್ಕಾ, ಸಿಟ್ಟಾಗಬ್ಯಾಡ್ರಿ. ಆ ಪುಡಿ ತಿಂದಾಗ ನೀವು ಊರ ತುಂಬ ಓಡ್ಯಾಡ್ತಿದ್ರಿ. ಬಿಟ್ಟ ಮ್ಯಾಲ ಬಡಗಿ ಹಿಡದು ಕುಂಟ್ಕೋತ ಬಂದೀರಿ. ನಾ ಯಾವುದು ನಂಬ್ಲಿ? ನಿಮ್ಮ ಬಾಯಿ ಮಾತು ನಂಬ್ಲೋ, ನಿಮ್ಮ ಕಾಲು ನಂಬ್ಲೋ?”

ಯಾವ ಆಮ್ಲದಲ್ಲೂ ಇದಕ್ಕೆ ಉತ್ತರ ಇರಲಿಲ್ಲ. ಅವಳ ಕುಂಟು ಕಾಲೇ ಡಬ್ಬಿಯ ಪರವಾಗಿ ಸಾಕ್ಷಿ ಹೇಳುತ್ತಿತ್ತು.

ದೊಡ್ಡವ್ವ ಸುಧಾರಿಸಿಕೊಂಡು ಅವನ ಮುಖವನ್ನು ನೇರವಾಗಿ ನೋಡಿದಳು.

“ಹೌದಪಾ, ಓಡ್ಯಾಡ್ತಿದ್ದೆ. ನನ್ನ ನಾಯೀನೂ ಓಡ್ಯಾಡ್ತಿತ್ತು. ಕರೀ ಈಗ ಅದನ್ನ. ಬರ್ತದೇನು ನೋಡಮು.”

ಅವನ ನಗು ನಿಂತಿತು. ಒಳಗೆ ಹೋಗಿ ಡಬ್ಬಿ ತಂದು ಅವಳ ಕೈಗೆ ಕೊಟ್ಟ. ಅವನ ಮುದಿ ನಾಯಿ ಮೂಲೆಯಲ್ಲಿ ಮಲಗಿದ್ದದ್ದು ಅವಳನ್ನು ಕಂಡು ಬಾಲ ಆಡಿಸಿತು. ಚೆನ್ನಾಗಿಯೇ ಇತ್ತು, ಮೈ ತುಂಬಿಕೊಂಡಿತ್ತು. ದೊಡ್ಡವ್ವ ಮುಚ್ಚಳ ತೆಗೆದು ಒಳಗೆ ನೋಡಿದಳು. ಡಬ್ಬಿ ಮುಕ್ಕಾಲು ಖಾಲಿಯಾಗಿತ್ತು.

“ಇದು ಎಷ್ಟನೇದು?”

“ಮೂರನೇದ್ರಿ ಅಕ್ಕಾ.”

“ನಾಯಿ ತಿಂದಂಗ ಕಾಣವಲ್ದು.”

ಅವನು ತಲೆ ತಗ್ಗಿಸಿದ. ತನ್ನ ಮೊಣಕಾಲ ಮೇಲೆ ಎರಡೂ ಕೈ ಇಟ್ಟುಕೊಂಡ. ಅವಳು ಬಡಿಗೆ ಊರಿ, ಯವ್ವಾ ಎನ್ನದೆ, ಎದ್ದು ನಿಂತಳು.

“ತಮ್ಮಾ,” ಎಂದಳು ನನಗೆ, “ಗುಲ್ಬರ್ಗಾ ಬಸ್ಸು ಎಷ್ಟಕ್ಕದ?”